ಸ್ಟ್ಯಾಂಡಿನ ನಾಲ್ಕನೆಯ ಕಾಲು

ಹೊಸ ಕಾಲೋನಿ, ಅಜ್ಜಂಪುರ
೨೧-೧೧-೧೯೬೧, ಮಂಗಳವಾರ

ಚಿರಂಜೀವಿ ಮಗ ತೀರ್ಥಪ್ಪನಿಗೆ,

ನಿನ್ನ ಅಪ್ಪ ದೇವೀರಪ್ಪ ಬರೆಯುತ್ತಿರುವ ಕಾಗದ ಇದು. ಅಕ್ಷರ ಕಂಡ ಕೂಡಲೇ ಹರಿದು ಒಲೆಗೆ ಹಾಕಬೇಡ. ಕೊನೆಯವರೆಗೆ ಓದು, ಆಮೇಲೆ ಏನು ಬೇಕಾದರೂ ಮಾಡಿಕೊ. ಹೇಗಿದ್ದೀಯಪ್ಪಾ? ಮೈಯಲ್ಲಿ ಆರೋಗ್ಯವಾಗಿದ್ದೀಯಾ? ಕೆಮ್ಮಣ್ಣುಗುಂಡಿಯಲ್ಲಿ ಈಗ ಹಗಲು ಹನ್ನೊಂದಾದರೂ ಮಂಜು ಬಿಡುವುದಿಲ್ಲವಂತೆ. ನಿನಗೆ ಚಿಕ್ಕಂದಿನಿಂದ ಶೀತ ಅಂದರೆ ಆಗದು. ಕೆಮ್ಮು ಶುರುವಾದರೆ ನಿಮ್ಮಮ್ಮ ಓಮದ ಕಾಳು ಹುರಿದು ಬಟ್ಟೆಯಲ್ಲಿ ಕಟ್ಟಿ ನಿನ್ನ ಎದೆಗೆ ಒತ್ತುತ್ತಾ ಕೂತಿರುತ್ತಿದ್ದಳು. ಅಲ್ಲಿ ಗಣಿಯಲ್ಲಿ ಅದಿರಿನ ಧೂಳು ಬೇರೆ. ಮೂಗಿಗೆ ಒಂದು ಪಂಚೆ ತುಂಡಾದರೂ ಕಟ್ಟಿಕೊಂಡು ಕೆಲಸ ಮಾಡು. ನಿನ್ನ ವಿಳಾಸ ಕೊಟ್ಟವನು ಎದುರು ಮನೆಯ ಕಲ್ಲಪ್ಪ. ರೈಲ್ವೆ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಾನಲ್ಲ, ಅವನೇ. ಹೋದ ವಾರ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡನಂತೆ. ಬಂದು ಹೇಳಿದ, “ತೀರ್ಥಣ್ಣ ಸಣ್ಣಗಾಗ್ಬಿಟ್ಟವ್ನೆ ಕಣ್ರೀ. ಮಾತಾಡ್ಸುದ್ರೆ ತಲೇನೇ ಎತ್ಲಿಲ್ಲ. ಅಡ್ರೆಸ್ ಕೇಳಿದ್ಕೆ ಯಾಕೆ ಅಂದ.” ಯಾಕೆ ಅಂದೆಯಂತೆ. ಅದನ್ನು ಕೇಳಿ ನನಗೆ ಎರಡು ದಿನ ಊಟ ಸೇರಲಿಲ್ಲ. ಎಂಟು ತಿಂಗಳಾಯಿತು ನೀನು ಹೋಗಿ. ಒಂದು ಕಾಗದ ಹಾಕಲು ನನಗೆ ಎಂಟು ತಿಂಗಳು ಬೇಕಾಯಿತು. ಬೇರೆಯವರ ಮನೆಯ ಸುದ್ದಿಯಾಗಿದ್ದರೆ ಮಗನಿಗೆ ಕಾಗದ ಹಾಕದ ಆ ಮುದುಕನಿಗೆ ಎರಡು ಬೈದು ಬರುತ್ತಿದ್ದೆ.

ಇಲ್ಲಿ ನಾನು ಇದ್ದೇನೆ. ಮಂಡಿ ನೋವು ಹಾಗೆಯೇ ಇದೆ, ಬಗ್ಗಿದರೆ ಏಳಲು ಗೋಡೆ ಬೇಕು. ಕಂದು ಹಸು ಈಯಿತು, ಹೆಣ್ಣು ಕರು. ಮುಳುಗಿದ ಗದ್ದೆಗೆ ಬದಲು ಸರ್ಕಾರ ಕೊಟ್ಟ ಒಣಭೂಮಿಯಲ್ಲಿ ರಾಗಿ ಮೊಣಕಾಲುದ್ದ ಬಂದು ನಿಂತಿತು, ತೆನೆಯೂ ಅಷ್ಟಕ್ಕಷ್ಟೇ. ಗದ್ದೆ ಮಾಡಿದ ಕೈಗೆ ರಾಗಿಯ ಮಾತು ಇನ್ನೂ ಅರ್ಥವಾಗಿಲ್ಲ. ನಿನ್ನ ಹೆಂಡತಿ ಸುಲೋಚನ ಚೆನ್ನಾಗಿದ್ದಾಳೆ ಎಂದು ಬರೆದರೆ ಸುಳ್ಳಾದೀತು. ಊಟ ತಿಂಡಿಗೆ ಕೊರತೆ ಇಲ್ಲ, ಮೈಗೆ ಕಾಯಿಲೆ ಇಲ್ಲ. ಆದರೆ ಮಾತು ನಿಂತುಹೋಗಿದೆ. ಅವಳ ಅಪ್ಪ ಚನ್ನಬಸಪ್ಪನವರು ಯಗಟಿಯಿಂದ ಎರಡು ಸಲ ಬಂದು ಕರೆದರು. ಎರಡನೆಯ ಸಲ ಬಸ್ಸಿಗೆ ಹೊತ್ತಾಯಿತು, ಗಂಟು ಕಟ್ಟು ಎಂದು ಗದರಿಸಿಯೂ ನೋಡಿದರು. ಅವಳು ಒಲೆಯ ಮುಂದೆ ಕೂತೇ ಹೇಳಿದಳು, “ಅವ್ರು ಬಂದ್ರೆ ಬಾಗ್ಲು ತೆಗ್ಯೋಕೆ ಯಾರಾದ್ರೂ ಇರ್ಬೇಕಲ್ಲಪ್ಪಾ.” ಚನ್ನಬಸಪ್ಪನವರು ನನ್ನ ಮುಖ ನೋಡಿದರು. ನಾನು ಹಸುವಿಗೆ ಹುಲ್ಲು ಹಾಕುವ ನೆಪ ಮಾಡಿಕೊಂಡು ಎದ್ದು ಹೋದೆ.

ಈಗ ಸುದ್ದಿಗೆ ಬರುತ್ತೇನೆ. ನಿನ್ನೆ ಆ ಕಬ್ಬಿಣದ ಸ್ಟ್ಯಾಂಡನ್ನು ಮತ್ತೆ ನಿಲ್ಲಿಸಿದೆವು. ಅದರ ಹೆಸರೂ ನಿನಗೆ ಬೇಡ ಎಂದು ಗೊತ್ತು. ನನಗೂ ಹಾಗೆಯೇ. ನಿಮ್ಮಮ್ಮ ಹೋದ ಮೇಲೆ ಅದನ್ನು ಬಿಚ್ಚಿ ಕೊಟ್ಟಿಗೆಯ ಹಿಂದೆ ಎಸೆದಿದ್ದೆ. ಅಂದಿನಿಂದ ಈ ಮನೆಯ ಸಂಸಾರವೆಲ್ಲ ನೆಲದ ಮೇಲೆ. ಕೊಳದಪ್ಪಲೆ, ಹಿಟ್ಟಿನ ಡಬ್ಬ, ಉಪ್ಪಿನ ಮಡಕೆ, ತುಪ್ಪದ ಗಿಂಡಿ, ಎಲ್ಲವೂ ಗೋಡೆಯುದ್ದಕ್ಕೆ ಸಂತೆಯಲ್ಲಿ ಕೂರಿಸಿದ ಹಾಗೆ. ಹೆಗ್ಗಣ ಬಂದು ರಾಗಿ ಹಿಟ್ಟಿನಲ್ಲಿ ಹೊರಳಾಡಿ ಹೋಗುತ್ತದೆ. ಸುಲೋಚನ ಒಂದು ಸೌಟು ಬೇಕಾದರೆ ನಾಲ್ಕು ಪಾತ್ರೆ ದಾಟಬೇಕು. ಎಂಟು ತಿಂಗಳು ದಾಟಿದಳು. ಮೊನ್ನೆ ಇರುವೆ ಹತ್ತಿದ ಬೆಲ್ಲ ಕೊಡವುತ್ತಾ, ನನಗೆ ಅಂತಲೂ ಅಲ್ಲ, ಬೆಲ್ಲಕ್ಕೆ ಅಂತಲೂ ಅಲ್ಲ, “ಇನ್ನೆಷ್ಟು ದಿನ ನೆಲದ ಮೇಲೆ” ಎಂದಳು. ತಿಂಗಳಾದ ಮೇಲೆ ಅವಳಾಗಿ ಆಡಿದ ಮಾತು ಅದು. ಹಾಗಾಗಿ ಕಲ್ಲಪ್ಪನನ್ನು ಕರೆದೆ.

ಹಳೆಯ ಮನೆಯಲ್ಲಿ ಇಂಥ ಸ್ಟ್ಯಾಂಡಿನ ಅವಶ್ಯಕತೆಯೇ ಇರಲಿಲ್ಲ. ಎರಡಡಿ ದಪ್ಪದ ಮಣ್ಣಿನ ಗೋಡೆ, ಗೋಡೆಯ ತುಂಬ ಗೂಡು. ದೀಪಕ್ಕೊಂದು, ಉಪ್ಪಿಗೊಂದು, ನನ್ನ ನಶ್ಯದ ಡಬ್ಬಿಗೊಂದು. ನೀನು ಮಗುವಾಗಿದ್ದಾಗ ಒಂದರಲ್ಲಿ ಹತ್ತಿ ಮಲಗಿ ಮನೆಯವರನ್ನೆಲ್ಲ ಕೆರೆಯ ತನಕ ಹುಡುಕಾಡಿಸಿದ್ದೆ. ಅಣೆಕಟ್ಟಿನ ನೀರು ಬರುತ್ತದೆ, ಊರು ಖಾಲಿ ಮಾಡಿ ಎಂದಾಗ ಜನ ಕದ, ಜಂತಿ, ಹೆಂಚು ಎಲ್ಲ ಕಳಚಿ ಗಾಡಿಗೆ ಏರಿಸಿದರು. ಗೂಡನ್ನು ಏರಿಸುವ ಹಾಗಿರಲಿಲ್ಲ. ನಿಮ್ಮಮ್ಮ ಮಾತ್ರ ಬಾಗಿಲಿನ ಹೊಸಿಲು ಕಿತ್ತು ಕೊಡುವವರೆಗೆ ಗಾಡಿ ಹತ್ತಲಿಲ್ಲ. ಹೊನ್ನೆ ಮರದ ಹೊಸಿಲು, ನಾಲ್ಕೂವರೆ ಅಡಿ. ನಮ್ಮಜ್ಜಿ, ನಮ್ಮವ್ವ, ನಿಮ್ಮಮ್ಮ, ಮೂವರೂ ಮಂಗಳವಾರ ಶುಕ್ರವಾರ ತೊಳೆದು ಅರಿಶಿನ ಬಳಿದು ಬಳಿದು ಮರದ ಬಣ್ಣವೇ ಕಾಣದ ಹಾಗಾಗಿತ್ತು. ಅದರ ಮೇಲೆ ಕೂತರೆ ನಿನ್ನ ಬೆನ್ನಿಗೆ ಏಟು ಬೀಳುತ್ತಿತ್ತು, ನೆನಪಿದೆಯಾ? ಇಲ್ಲಿ ಬಂದು ನೋಡಿದರೆ ಬಾಗಿಲೇ ಮೂರಡಿ. ಹೊಸಿಲಿನ ಜಾಗದಲ್ಲಿ ಒಂದು ಸಿಮೆಂಟಿನ ಗೆರೆ. ಅವಳು ಅದಕ್ಕೂ ಅರಿಶಿನ ಹಚ್ಚಿ ನೋಡಿ, “ಸಿಮೆಂಟ್ಗೆ ಅರಿಶ್ನ ಹಿಡಿಯಕ್ಕಿಲ್ಲ ಕಣ್ರೀ” ಎಂದು ನನ್ನ ಮೇಲೆ ರೇಗಿದಳು, ನಾನೇ ಸಿಮೆಂಟು ಕಂಡುಹಿಡಿದವನ ಹಾಗೆ. ಹಳೆಯ ಹೊಸಿಲು ಅಡಿಗೆಮನೆಯ ಗೋಡೆಗೆ ಒರಗಿ ಮಲಗಿತು. ಎಂದಾದರೊಂದು ದಿನ ಬಾಗಿಲು ಅಗಲ ಮಾಡಿಸಿ ಕೂರಿಸೋಣ ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ.

ಸ್ಟ್ಯಾಂಡು ತಂದವನು ನೀನು. ಅಣೆಕಟ್ಟಿನ ಕ್ಯಾಂಪಿನ ಉಗ್ರಾಣದ ಸಾಮಾನು ಹರಾಜಿನಲ್ಲಿ ಹೋದಾಗ, ಅಮ್ಮನಿಗೆ ಪಾತ್ರೆ ಇಡಲು ಜಾಗವಿಲ್ಲ ಎಂದು ಆಸೆಯಿಂದ ತಂದೆ. ಲಾರಿಯಿಂದ ಇಳಿಸಿದಾಗ ಅದು ಸ್ಟ್ಯಾಂಡಿನ ಹಾಗೆ ಇರಲೇ ಇಲ್ಲ. ತೂತು ತೂತಿನ ನಾಲ್ಕು ಕಬ್ಬಿಣದ ಕಾಲು, ಐದು ಹಲಗೆ, ಎರಡು ಉದ್ದನೆಯ ಪಟ್ಟಿ, ಗೋಣಿ ಚೀಲದಲ್ಲಿ ಬೋಲ್ಟು ನಟ್ಟು, ಒಂದು ಇಂಗ್ಲಿಷ್ ನಕ್ಷೆ. ಎಲ್ಲ ಸೇರಿಸಿ ಹಗ್ಗದಲ್ಲಿ ಕಟ್ಟಿದ್ದರು. “ಇದೇನ್ಲಾ, ಕಬ್ಬಿನ ಜಲ್ಲೆ ತಂದ್ಯಾ?” ಎಂದು ಗೇಲಿ ಮಾಡಿದೆ. ನೀನು ನಗುತ್ತಾ ನಕ್ಷೆ ಹರಡಿಕೊಂಡು ಕೂತೆ. ಎರಡು ದಿನ ಸ್ಪ್ಯಾನರು ಹಿಡಿದು ಒದ್ದಾಡಿ ಏಳಡಿ ಎತ್ತರ ನಿಲ್ಲಿಸಿದೆ. ನಿಂತಿತು, ಆದರೆ ಕುಡಿದವನು ನಿಂತ ಹಾಗೆ. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಅಲುಗುತ್ತಿತ್ತು. ಅಡಿಗೆಮನೆಯ ನೆಲ ಬಚ್ಚಲಿನ ಕಡೆಗೆ ಇಳಿಜಾರು, ಆದ್ದರಿಂದ ಮುಂದಿನ ಎಡಗಾಲು ಒಂದೂವರೆ ಬೆರಳಿನಷ್ಟು ಗಾಳಿಯಲ್ಲಿ. ಕಲ್ಲು ಇಟ್ಟೆ, ಜಾರಿತು. ತೆಂಗಿನ ಚಿಪ್ಪು ಇಟ್ಟೆ, ಸೀಳಿತು. ರಟ್ಟು ಮಡಚಿ ಇಟ್ಟೆ, ಒಂದೇ ದಿನಕ್ಕೆ ಅಪ್ಪಚ್ಚಿ. ಕೊನೆಗೆ ಗೋಡೆಗೆ ಒರಗಿದ್ದ ಹೊಸಿಲಿನ ತುದಿಯನ್ನು ಗರಗಸದಿಂದ ಕೊಯ್ದು ಒಂದು ತುಂಡು ತೆಗೆದು ಆ ಕಾಲಿನ ಕೆಳಗೆ ಇಟ್ಟೆ. ಅಳೆದು ಮಾಡಿಸಿದ ಹಾಗೆ ಕೂತಿತು. ಸ್ಟ್ಯಾಂಡು ಅಲುಗಲಿಲ್ಲ. ಅವತ್ತು ನಿಮ್ಮಮ್ಮ ತೋಟದವರ ಮನೆಗೆ ಸೀಮಂತಕ್ಕೆ ಹೋಗಿದ್ದಳು. ಬಂದು ಕೈಯಿಂದ ತಳ್ಳಿ ನೋಡಿ ಹಿರಿಹಿರಿ ಹಿಗ್ಗಿದಳು. ಕಾಲಿನ ಕೆಳಗೆ ಏನಿದೆ ಎಂದು ನೋಡಲಿಲ್ಲ. ಸಂಜೆಯೊಳಗೆ ಐದೂ ಹಲಗೆ ತುಂಬಿಸಿ, ಹಿತ್ತಾಳೆ ಹಂಡೆಯನ್ನು ಎಲ್ಲರಿಗೂ ಕಾಣಲಿ ಎಂದು ಮೇಲೆಯೇ ಇಡಿಸಿದಳು.

ಆ ಬುಧವಾರದ ವಿಷಯ ನಿನಗೆ ನಾನು ಬರೆಯಬೇಕಾಗಿಲ್ಲ. ಆದರೂ ಬರೆಯುತ್ತೇನೆ. ಇಷ್ಟು ದಿನ ಇಬ್ಬರೂ ಬಾಯಿ ಮುಚ್ಚಿಕೊಂಡದ್ದೇ ಸಾಕು. ನಿಮ್ಮಮ್ಮ ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಜಾಡಿ ಎಳೆಯಲು ಹೋದಳು. ಸ್ಟ್ಯಾಂಡು ಮುಂದಕ್ಕೆ ಬಗ್ಗಿ ಅವಳ ಮೇಲೆಯೇ ಬಂತು. ಹಂಡೆ ತಲೆಗೆ ಬಡಿಯಿತು. ಸದ್ದಿಗೆ ಕಾಲೋನಿಯೆಲ್ಲ ಓಡಿ ಬಂತು. ನೀನು ಹೊಲದಿಂದ ಬಂದೆ. ಅವಳನ್ನು ಹೊರಗೆ ಎಳೆದ ಮೇಲೆ ನೀನು ಅಲ್ಲೇ ಮಂಡಿಯೂರಿ ಚೆಲ್ಲಿದ ಹಿಟ್ಟಿನಲ್ಲಿ ಎರಡೂ ಕೈ ಆಡಿಸುತ್ತಾ ಹುಡುಕತೊಡಗಿದೆ. “ಇಲ್ಲಿ ಮರದ ತುಂಡು ಇಟ್ಟಿದ್ದೆ ಕಣಪ್ಪಾ, ಯಾರು ತೆಗುದ್ರು?” ಎಂದು ನನ್ನ ಮುಖ ನೋಡಿದೆ. ಅಲ್ಲಿ ಮರ ಇರಲಿಲ್ಲ. ಹೆಂಚಿನ ಕೆಂಪು ಪುಡಿ ಇತ್ತು. ನಾನು ಅಷ್ಟು ಜನರ ಎದುರಿಗೆ ಕೂಗಿದೆ, “ಹೆಂಚಿನ್ ಚೂರು ಇಟ್ಟು ನಿನ್ನ ತಾಯಿ ಮೇಲೆ ಕಬ್ಬಿಣ ಕೆಡವ್ದೆ. ಸಾಲ್ದು ಅಂತ ಸುಳ್ಳು ಬೇರೆ ಹೇಳ್ತೀಯೇನ್ಲಾ?” ಯಾರೋ ಹೆಂಗಸು, ತಾಯಿ ಹಂಗೆ ಬಿದ್ದಿದ್ರೆ ಇವ್ನು ಮರದ ಚೂರು ಹುಡುಕ್ತಾನೆ ಎಂದಳು. ನೀನು ಎದ್ದು ನಿಂತೆ. ಕೈಯೆಲ್ಲ ಹಿಟ್ಟು. ಆಮೇಲೆ ಆ ಮಾತನ್ನು ನೀನು ಎತ್ತಲೇ ಇಲ್ಲ.

ಡಾಕ್ಟರು ಬಂದು, ಅಲುಗಾಡಿಸಬೇಡಿ, ಇಲ್ಲೇ ಇರಲಿ ಎಂದರು. ನಾಲ್ಕು ದಿನ ಇದ್ದಳು. ಮಾತು ಹೋಗಿತ್ತು. ಬಲಗೈ ಮಾತ್ರ ಆಗಾಗ ಎತ್ತಿ ದೇವರ ಮೂಲೆಯ ಕಡೆಗೆ ತೋರಿಸುತ್ತಿದ್ದಳು. ವಿಭೂತಿ ಕೇಳುತ್ತಿದ್ದಾಳೆ ಎಂದುಕೊಂಡರು. ನೀನೇ ಹಚ್ಚಿದೆ, ದಿನಕ್ಕೆ ಮೂರು ಸಲ, ನಾಲ್ಕು ಸಲ. ಹಚ್ಚಿದ ಮೇಲೂ ಕೈ ಎತ್ತುತ್ತಿದ್ದಳು. ಮಣ್ಣು ಮಾಡಿ ಬಂದ ಮೇಲೆ ನೀನು ಸುಲೋಚನಳ ಹತ್ತಿರ, “ನಾನು ಮರ ಇಟ್ಟಿದ್ನೋ ಇಲ್ವೋ ನಂಗೇ ಗೊತ್ತಾಗ್ತಿಲ್ಲ ಕಣೇ” ಎಂದು ಅತ್ತದ್ದನ್ನು ನಾನು ಜಗುಲಿಯಲ್ಲಿ ಕೂತು ಕೇಳಿದೆ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಮಾರನೆಯ ದಿನ ನೀನು ಹೊರಟುಹೋದೆ. ನನ್ನ ಕಾಲಿಗೆ ಬಿದ್ದು ಹೋದೆ. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿನ್ನೆಯದನ್ನು ಕೇಳು. ಕಲ್ಲಪ್ಪ ತನ್ನ ಸ್ಪ್ಯಾನರು ತಂದಿದ್ದ. ನೀನು ಡಬ್ಬದಲ್ಲಿ ಮಡಚಿಟ್ಟಿದ್ದ ನಕ್ಷೆಯನ್ನು ಸುಲೋಚನ ತೆಗೆದುಕೊಟ್ಟಳು. ಕಲ್ಲಪ್ಪನಿಗೆ ಇಂಗ್ಲಿಷು ಬರದು, ಆದರೆ ಚಿತ್ರ ಬರುತ್ತದೆ. ಬೆರಳಿಟ್ಟು ನೋಡಿ, ಹಿಂದುಗಡೆಗೆ ಕತ್ತರಿಯಾಕಾರಕ್ಕೆ ಎರಡು ಪಟ್ಟಿ ಬರಬೇಕು, ಅವು ಎಲ್ಲಿ ಎಂದ. ಲಾರಿಯಿಂದ ಇಳಿಸಿದ ದಿನವೇ ಆ ಎರಡು ಪಟ್ಟಿಗಳನ್ನು ಹೆಚ್ಚಿನ ಸಾಮಾನು ಎಂದುಕೊಂಡು ನಾನು ಹಿತ್ತಲಿಗೆ ಒಯ್ದು ಅವರೆಯ ಚಪ್ಪರಕ್ಕೆ ನೆಟ್ಟಿದ್ದೆ. ನೀನು ಒಂದೆರಡು ಸಲ ಪಟ್ಟಿ ಕಡಮೆ ಬಂದಿದೆ ಎಂದದ್ದೂ ಉಂಟು. ಅವರೆ ಚಪ್ಪರದ ಪಟ್ಟಿಯೇ ಅದು ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಈಗ ಬಳ್ಳಿ ಬಿಡಿಸಿ ತಂದು ಕೊಟ್ಟೆ, ತುಕ್ಕು ಹಿಡಿದಿದ್ದವು. ಹಿಂದೆ ಕತ್ತರಿ ಹಾಕಿ ಬೋಲ್ಟು ಬಿಗಿದ ಮೇಲೆ ಸ್ಟ್ಯಾಂಡು ಅರ್ಧ ಅಲುಗಾಟ ಬಿಟ್ಟಿತು. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಸುಲೋಚನ ಅವಸರ ಮಾಡಿ ಪಾತ್ರೆ ಜೋಡಿಸಿಬಿಟ್ಟಳು. ಎಂಟು ತಿಂಗಳ ನಂತರ ಮನೆ ಮನೆಯ ಹಾಗೆ ಕಾಣುತ್ತದಲ್ಲ ಎಂಬ ಆಸೆ ಅವಳಿಗೆ. ತುಂಬಿದ ಮೇಲೆ ಮತ್ತೆ ಅದೇ ಎಡಗಾಲು ತೂಗತೊಡಗಿತು. ಕಲ್ಲಪ್ಪ ಒಬ್ಬನೇ ಭುಜ ಕೊಟ್ಟು ಎತ್ತಲು ಹೋದ, ಆಗಲಿಲ್ಲ. ದಿನಾ ಹಳಿ ಎತ್ತುವ ಆಳು ಅವನು. ಆಮೇಲೆ ನಾನೂ ಭುಜ ಕೊಟ್ಟೆ. ಇಬ್ಬರೂ ಉಸಿರು ಕಟ್ಟಿ ಎತ್ತಿ ಹಿಡಿದೆವು. ಕೆಳಗೆ ಇಡಲು ಏನಾದರೂ ಕೊಡೇ ಎಂದರೆ ಸುಲೋಚನ ಅತ್ತ ಇತ್ತ ನೋಡಿ, ಬೇರೇನೂ ಕಾಣದೆ, ಮೂಲೆಯ ದೇವರ ಪೆಟ್ಟಿಗೆಯಲ್ಲಿ ಏನಾದರೂ ಮರದ ಚೂರು ಇದ್ದೀತೆಂದು ಅದರೊಳಗೆ ಕೈ ಹಾಕಿದಳು. ಕರ್ಪೂರ, ಹಳೆಯ ರುದ್ರಾಕ್ಷಿ, ಬತ್ತಿಯ ಕಟ್ಟು, ಅವುಗಳ ಅಡಿಯಲ್ಲಿ ಕೆಂಪು ಕುಬಸದ ಬಟ್ಟೆಯ ಗಂಟು. ಬಿಚ್ಚಿದಳು. ನಾವು ಸ್ಟ್ಯಾಂಡು ಇಳಿಸಿದೆವು. ಅಂಗೈಯಗಲದ ಮರದ ತುಂಡು. ಒಂದು ಮೈ ಹಳೆಯ ಅರಿಶಿನ ಮೆತ್ತಿ ಕಪ್ಪಾಗಿದೆ. ಅದರ ಮೇಲೆ ಹೊಸ ಅರಿಶಿನ, ನಡುವೆ ಕುಂಕುಮದ ಬೊಟ್ಟು. ಸುಲೋಚನ ಗೋಡೆಯ ಹತ್ತಿರ ಹೋಗಿ ಹೊಸಿಲಿನ ಕೊಯ್ದ ತುದಿಗೆ ಅದನ್ನು ಹಿಡಿದಳು. ಗೆರೆಗೆ ಗೆರೆ ಕೂಡಿತು. ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು. “ಇಟ್ಟಿದ್ರು ಮಾವಾ, ಅವ್ರು ಇಟ್ಟಿದ್ರು” ಎಂದು ಅದೊಂದೇ ಮಾತು ಹೇಳಿಕೊಂಡು ಅತ್ತಳು. ಕಲ್ಲಪ್ಪ ಮುಖ ತಿರುಗಿಸಿಕೊಂಡು ಸ್ಪ್ಯಾನರು ಒರೆಸುತ್ತಾ ನಿಂತ. ಆಮೇಲೆ ತನ್ನ ಮನೆಯಿಂದ ರೈಲು ಹಳಿಯ ಕೆಳಗೆ ಹಾಕುವ ಹಳೆಯ ಸ್ಲೀಪರ್ ಮರದ ತುಂಡು ತಂದು ಕಾಲಿನ ಕೆಳಗೆ ಇಟ್ಟ. ಈಗ ಸ್ಟ್ಯಾಂಡು ಬಂಡೆಯ ಹಾಗೆ ನಿಂತಿದೆ.

ಹಾಗಾಗಿ ತೀರ್ಥಪ್ಪಾ, ನೀನು ಸುಳ್ಳು ಹೇಳಲಿಲ್ಲ. ನೀನು ಮರವನ್ನೇ ಇಟ್ಟಿದ್ದೆ, ಗಟ್ಟಿಯಾಗಿಯೇ ಇಟ್ಟಿದ್ದೆ. ಅದನ್ನು ತೆಗೆದವಳು ನಿಮ್ಮಮ್ಮ. ಕಸ ಗುಡಿಸುವಾಗ ಎಂದೋ ಅರಿಶಿನ ಕಂಡಿರಬೇಕು. ತಾನು ಜೀವಮಾನವೆಲ್ಲ ಪೂಜೆ ಮಾಡಿದ ಹೊಸಿಲು ಹಂಡೆ ಜಾಡಿಗಳ ಭಾರ ಹೊತ್ತು ಬಚ್ಚಲ ನೀರಿನಲ್ಲಿ ನೆನೆಯುತ್ತಿದೆ ಎಂದರೆ ಅವಳಿಗೆ ಹೇಗೆ ತಡೆದೀತು? ನಿನಗೆ ಹೇಳಿದರೆ ನೀನು ನೊಂದುಕೊಳ್ಳುತ್ತೀಯ ಎಂದು ಸದ್ದಿಲ್ಲದೆ ತೆಗೆದು ಹೆಂಚಿನ ಚೂರು ಸಿಕ್ಕಿಸಿ, ಮರಕ್ಕೆ ಪೂಜೆ ಮಾಡಿ ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಹೆಂಚು ಭಾರಕ್ಕೆ ಪುಡಿಯಾಯಿತು. ಆ ನಾಲ್ಕು ದಿನ ಅವಳು ಕೈ ಎತ್ತಿ ತೋರಿಸಿದ್ದು ವಿಭೂತಿಯನ್ನಲ್ಲ, ಆ ಪೆಟ್ಟಿಗೆಯನ್ನು ಎಂದು ಈಗ ಅರ್ಥವಾಗುತ್ತದೆ. ನಿನ್ನ ಮೇಲೆ ಮಾತು ಬರಬಾರದು ಎಂದು ಹೇಳಲು ಒದ್ದಾಡಿದಳು ಪಾಪ. ಯಾರನ್ನೂ ದೂರುವ ಹಾಗಿಲ್ಲ. ಅವಳ ಭಕ್ತಿ, ಅವಳ ಹಣೆಬರಹ.

ನಾನು ಆಡಬಾರದ ಮಾತು ಆಡಿದೆ. ದುಃಖದಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಕಲ್ಲಪ್ಪ ಈಗಾಗಲೇ ಕಾಲೋನಿಯಲ್ಲಿ ನಾಲ್ಕು ಮನೆಗೆ ಹೇಳಿದ್ದಾನೆ, ಉಳಿದವರಿಗೆ ನಾನು ಹೇಳುತ್ತೇನೆ. ಈ ಕಾಗದ ತಲುಪಿದ ಕೂಡಲೇ ಹೊರಟು ಬಾ. ರಾಗಿ ಕೊಯ್ಲಿಗೆ ನನ್ನ ಮಂಡಿ ಕೈ ಕೊಟ್ಟಿದೆ. ಸುಲೋಚನ ನಿನ್ನೆ ರಾತ್ರಿ ನಿನ್ನ ತಟ್ಟೆ ತೆಗೆದು ಹುಣಸೆಹಣ್ಣು ಹಾಕಿ ಉಜ್ಜಿ ಎರಡನೆಯ ಹಲಗೆಯ ಮೇಲೆ ನಿಲ್ಲಿಸಿದ್ದಾಳೆ. ದೇವರು ನಿನಗೆ ಒಳ್ಳೆಯ ಆರೋಗ್ಯ ಕೊಡಲಿ, ಆ ಬೆಟ್ಟದಿಂದ ನಿನ್ನನ್ನು ಕ್ಷೇಮವಾಗಿ ಇಳಿಸಲಿ. ಕಲ್ಲಪ್ಪ ಕೇಳಿದ್ದಾನೆ ಎಂದು ತಿಳಿ. ಹಸುವೂ ಕರುವೂ ಕ್ಷೇಮ.

ಇಂತಿ ನಿನ್ನ ಬರವನ್ನೇ ಕಾಯುತ್ತಿರುವ ಅಪ್ಪ,
ದೇವೀರಪ್ಪ

ಪುನಶ್ಚ: ಟಪಾಲು ಮೂರು ಗಂಟೆಯ ಬಸ್ಸಿಗೆ ಹೋಗುತ್ತದೆ, ಹೊತ್ತಿಲ್ಲ. ಅಕ್ಷರ ಸೊಟ್ಟಗಿದ್ದರೂ ಓದಿಕೊ. ಅಂಟು ಹಚ್ಚುವ ಮುಂಚೆ ಕಾಗದವನ್ನು ಸುಲೋಚನಳಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕೇಳಿ ಒಂದೇ ಪ್ರಶ್ನೆ ಹಾಕಿದಳು. “ಕಲ್ಲಪ್ಪಣ್ಣನ ಕೈಲೇ ಎತ್ತಕ್ಕೆ ಆಗ್ಲಿಲ್ಲ. ಅತ್ತೆ ಒಬ್ರೇ ಹೆಂಗ್ ತೆಗುದ್ರು ಮಾವಾ?” ಇದೇ ಪ್ರಶ್ನೆ ನಾಳೆ ನಾಡಿದ್ದು ಬೆಟ್ಟದ ಮೇಲೆ ನಿನಗೂ ಬರುತ್ತದೆ. ನಿಮ್ಮಮ್ಮ ಒಬ್ಬಳೇ ತೆಗೆಯಲಿಲ್ಲ. ಎತ್ತಿ ಹಿಡಿದವನು ನಾನು. ಆ ಬುಧವಾರಕ್ಕೆ ಮುಂಚಿನ ಶುಕ್ರವಾರ ಬೆಳಿಗ್ಗೆ ನೀನು ಹೊಲಕ್ಕೆ ಹೋದ ಮೇಲೆ, ಸುಲೋಚನ ನೀರಿಗೆ ಹೋಗಿದ್ದಾಗ, ನಿಮ್ಮಮ್ಮ ಅಳುತ್ತಾ ಬಂದು ಕರೆದಳು. ಅರ್ಧ ಸಾಮಾನು ಇಳಿಸಿ, ಉಳಿದದ್ದಕ್ಕೆ ನಾನು ಭುಜ ಕೊಟ್ಟೆ. ಅವಳು ಮರ ಎಳೆದುಕೊಂಡಳು. ಹೆಂಚಿನ ಚೂರು ತಂದು ಸಿಕ್ಕಿಸಿದವನೂ ನಾನೇ. ಇದು ತಡೆಯುತ್ತೇನ್ರೀ ಎಂದು ಅವಳು ಕೇಳಿದಳು. ಸಾಕು ಬಿಡು ಎಂದೆ. ಬುಧವಾರ ನೀನು, ಯಾರು ತೆಗುದ್ರು ಎಂದು ನನ್ನ ಮುಖ ನೋಡಿದಾಗ ನನಗೆ ಹೆದರಿಕೆಯಾಯಿತು. ದುಃಖವಲ್ಲ, ಹೆದರಿಕೆ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು, ಅದಕ್ಕೆ ನಿನ್ನ ಮೇಲೆ ಕೂಗಿದೆ. ಅವಳು ಕೈ ಎತ್ತಿದಾಗ ಯಾವುದಕ್ಕೆ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ವಿಭೂತಿ ಕೇಳ್ತಾವ್ಳೆ, ಹಚ್ಚೋ ಎಂದು ನಿನಗೆ ಹೇಳಿದವನು ಬೇರೆ ಯಾರೂ ಅಲ್ಲ, ನಾನು. ಅವಳು ನನ್ನನ್ನೇ ನೋಡುತ್ತಿದ್ದಳು. ಎಂಟು ತಿಂಗಳು ಆ ಪೆಟ್ಟಿಗೆಯ ಮುಂದೆ ದೀಪ ಹಚ್ಚಿದ್ದೇನೆ. ಮೇಲೆ ಬರೆದದ್ದನ್ನು ಹರಿದು ಹೊಸದಾಗಿ ಬರೆಯಲು ಹೊತ್ತಿಲ್ಲ. ಇರಲಿ, ನಿನ್ನ ಅಪ್ಪ ಎಂಥವನು ಎಂದು ಅದರಲ್ಲೂ ಕಾಣಲಿ. ಬಾ ಎಂದು ಕರೆಯುವ ಬಾಯಿ ಈಗ ನನಗಿಲ್ಲ. ಇದನ್ನು ಸುಲೋಚನಳಿಗೂ ಹೇಳಿದೆ. ಅವಳು ಸ್ಟ್ಯಾಂಡಿನ ಹತ್ತಿರ ಹೋಗಿ ಮೊದಲು ನಿನ್ನ ತಟ್ಟೆ ತೆಗೆದು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಳು. ಈಗ ನಾನು ಇದನ್ನು ಬರೆಯುತ್ತಿರುವಾಗ ಉಳಿದ ಪಾತ್ರೆಗಳನ್ನು ಒಂದೊಂದಾಗಿ ಇಳಿಸಿ ನೆಲದ ಮೇಲೆ ಇಡುತ್ತಿದ್ದಾಳೆ.